ಸಂತೆಯಲ್ಲಿ ನಿಜಕ್ಕೂ ಎಷ್ಟು ತಲೆ?

ಚಾಮರಾಜನಗರದಲ್ಲಿ ಯಳಂದೂರು, ಕೊಳ್ಳೇಗಾಲದ ಕಡೆಯ ಬಸ್ಸು ಹತ್ತಿದರೆ ನಡುವೆ ಸಂತೆಮರಹಳ್ಳಿ ಸಿಗುತ್ತದೆ. ತಿ. ನರಸೀಪುರದಿಂದ ಮೂಗೂರಿನ ಮೇಲೆ ಬರುವ ದಾರಿಯೂ ಅಲ್ಲಿಗೇ ಬಂದು ಸೇರುತ್ತದೆ. ಹೆಸರಿನಲ್ಲೇ ಸಂತೆ ಇರುವ ಈ ಊರು 2004ರಲ್ಲಿ ಬೇರೊಂದು ಕಾರಣಕ್ಕೆ ದೇಶದ ಕಣ್ಣಿಗೆ ಬಿತ್ತು. ಆಗ ಇದರ ಹೆಸರಿನಲ್ಲಿ ಒಂದು ವಿಧಾನಸಭಾ ಕ್ಷೇತ್ರವಿತ್ತು. ಕಾಂಗ್ರೆಸ್ಸಿನ ಆರ್. ಧ್ರುವನಾರಾಯಣ ಅವರಿಗೆ 40,752 ಮತ ಬಿತ್ತು. ಜಾತ್ಯತೀತ ಜನತಾದಳದ ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751.

ಆ ಒಂದು ಮತ ಯಾರದು? ಇಪ್ಪತ್ತು ವರ್ಷ ಕಳೆದರೂ ಜನ ಇದನ್ನು ಕೇಳುವುದನ್ನು ಬಿಟ್ಟಿಲ್ಲ. ಇಂಥವರು ಮತಗಟ್ಟೆಗೆ ಹೋಗಲಿಲ್ಲವಂತೆ, ಅವರೊಬ್ಬರು ಹೋಗಿದ್ದರೆ ಕತೆಯೇ ಬೇರೆ ಇತ್ತಂತೆ ಎಂಬ ಮಾತುಗಳು ಹುಟ್ಟಿಕೊಂಡವು. ಒಂದು ಫಲಕ್ಕೆ ಒಬ್ಬ ಮನುಷ್ಯನನ್ನು ಹುಡುಕುವುದು ನಮ್ಮ ಸ್ವಭಾವ. ಗಣಿತ ಕೊಡುವ ಉತ್ತರ ಬೇರೆ. ಗೆದ್ದ ಕಡೆಯ 40,752 ಜನರಲ್ಲಿ ಯಾರೇ ಒಬ್ಬರು ಆ ದಿನ ಹೊಲದಲ್ಲೇ ಉಳಿದಿದ್ದರೂ ಎರಡೂ ಕಡೆ ಸಮವಾಗುತ್ತಿತ್ತು. ಸಮವಾದರೆ ಚೀಟಿ ಎತ್ತಿ ತೀರ್ಮಾನಿಸಬೇಕೆಂದು 1951ರ ಪ್ರಜಾಪ್ರತಿನಿಧಿತ್ವ ಕಾಯ್ದೆ ಹೇಳುತ್ತದೆ. ಅಂದರೆ ಆ ಒಂದು ಮತ 40,752 ಜನರದೂ ಹೌದು. ಸೋತ ಕಡೆಯವರಲ್ಲಿ ಮನೆಯಲ್ಲೇ ಉಳಿದ ಪ್ರತಿಯೊಬ್ಬರೂ ಅಷ್ಟೇ ನಿರ್ಣಾಯಕರು. ಒಬ್ಬರ ಹೆಗಲಿಗೆ ಹೊರಿಸುವಂಥ ಹೊರೆ ಇದಲ್ಲ.

ಹಲವರು ಸೇರಿ ಮಾಡಿದ ಕೆಲಸದಲ್ಲಿ ಯಾರ ಪಾಲು ಎಷ್ಟು, ಸೇರುವ ಬಗೆ ಬದಲಾದರೆ ಫಲ ಹೇಗೆ ಬದಲಾಗುತ್ತದೆ? ಈ ಎರಡು ಪ್ರಶ್ನೆಗಳ ಮೇಲೆ ಗಣಿತದ ಒಂದು ದೊಡ್ಡ ಶಾಖೆಯೇ ಬೆಳೆದಿದೆ. ಹೀಗೆ ಹಲವರು ಸೇರಿ ನಡೆಸುವ ಏರ್ಪಾಟನ್ನು ಕಂಪ್ಯೂಟರ್ ವಿಜ್ಞಾನಿಗಳು ಬಹು-ಏಜೆಂಟ್ ವ್ಯವಸ್ಥೆ ಎನ್ನುತ್ತಾರೆ. ನಮಗೆ ಏಜೆಂಟ್ ಎಂದರೆ ವಿಮೆ ಮಾಡಿಸುವವರು, ಇಲ್ಲವೇ ಮತಗಟ್ಟೆಯಲ್ಲಿ ಪಕ್ಷದ ಪರವಾಗಿ ಕೂರುವವರು. ಇಲ್ಲಿ ಅದರ ಅರ್ಥ ಇನ್ನೂ ಅಗಲ. ತನ್ನ ಸುತ್ತ ನಡೆಯುವುದರಲ್ಲಿ ಸ್ವಲ್ಪವನ್ನು ಮಾತ್ರ ಕಾಣಬಲ್ಲ, ತನಗೆ ಬೇಕಾದ್ದೇನೆಂದು ಗೊತ್ತಿರುವ, ತಾನೇ ನಿರ್ಧಾರ ಮಾಡಬಲ್ಲ ಯಾವುದಾದರೂ ಏಜೆಂಟೇ. ಮನುಷ್ಯ, ರೋಬಾಟ್, ಡ್ರೋನ್, ಕಂಪ್ಯೂಟರಿನೊಳಗಿನ ಒಂದು ತಂತ್ರಾಂಶ ಎಲ್ಲವೂ ಇದರಲ್ಲಿ ಸೇರುತ್ತವೆ. ಇಂಥವು ನೂರು ಸೇರಿದಾಗ ಕೆಲಸ ಕೆಡದ ಹಾಗೆ ಜೋಡಿಸುವುದು ಹೇಗೆಂದು ವಿಜ್ಞಾನಿಗಳು ಯೋಚಿಸತೊಡಗಿದಾಗ ಮೊದಲು ನೋಡಿದ್ದು ಮನುಷ್ಯರು ಈಗಾಗಲೇ ಕಟ್ಟಿಕೊಂಡಿದ್ದ ಏರ್ಪಾಟುಗಳನ್ನು: ಸಂತೆ, ಚುನಾವಣೆ, ಯಜಮಾನಿಕೆ, ಕೂಡುಕೆಲಸ. ಸಂತೆಮರಹಳ್ಳಿಯಂಥ ಊರಿನಲ್ಲಿ ಇವೆಲ್ಲ ಒಂದೇ ರಸ್ತೆಯಲ್ಲಿ ಸಿಗುತ್ತವೆ.

ಮತದ ಲೆಕ್ಕವನ್ನು ಇನ್ನಷ್ಟು ಮುಂದಕ್ಕೆ ಒಯ್ಯೋಣ. ಆ ಇಬ್ಬರಿಗೆ ಬಿದ್ದ ಮತ ಒಟ್ಟು 81,503. ಅಷ್ಟೂ ಜನ ಮತಗಟ್ಟೆಯ ಮರೆಯಲ್ಲಿ ನಾಣ್ಯ ಚಿಮ್ಮಿ ಗುಂಡಿ ಒತ್ತಿದರು ಎಂದುಕೊಳ್ಳಿ. ಆಗ ಫಲಿತಾಂಶ ಒಂದೇ ಮತದಲ್ಲಿ ತೀರ್ಮಾನವಾಗುವ ಸಾಧ್ಯತೆ ಸುಮಾರು 180ರಲ್ಲಿ ಒಂದು. ಅಷ್ಟೇನೂ ಅಪರೂಪವಲ್ಲ ಎನಿಸಬಹುದು. ಆದರೆ ನಾಣ್ಯ ಒಂದು ಕಡೆಗೆ ಕೂದಲೆಳೆಯಷ್ಟು ವಾಲಿದ್ದು, ನೂರಕ್ಕೆ 51 ಸಲ ಒಂದು ಮುಖವೇ ಬೀಳುತ್ತದೆ ಎಂದರೆ ಅದೇ ಸಾಧ್ಯತೆ ಸುಮಾರು ಇನ್ನೂರು ಕೋಟಿಯಲ್ಲಿ ಒಂದಕ್ಕೆ ಕುಸಿಯುತ್ತದೆ. ಶೇಕಡಾ ಒಂದರ ವಾಲಿಕೆಗೇ ಇಷ್ಟು ಪರಿಣಾಮ. ಹೀಗಿದ್ದರೂ ಸಂತೆಮರಹಳ್ಳಿಯ ನಂತರ ನಾಲ್ಕೇ ವರ್ಷಕ್ಕೆ, 2008ರಲ್ಲಿ, ರಾಜಸ್ಥಾನದ ನಾಥದ್ವಾರದಲ್ಲಿ ಸಿ.ಪಿ. ಜೋಶಿ ಅವರೂ ಒಂದು ಮತದಿಂದ ಸೋತರು.

ಜನ ನಾಣ್ಯಗಳಲ್ಲ ಎಂಬುದು ನಿಮಗೂ ಗೊತ್ತು, ನನಗೂ ಗೊತ್ತು. ನಾಣ್ಯ ಪಕ್ಕದ ನಾಣ್ಯವನ್ನು ಕೇಳಿ ಬೀಳುವುದಿಲ್ಲ. ನಾವು ಮನೆಯಲ್ಲಿ ಕೇಳುತ್ತೇವೆ, ಬೀದಿಯಲ್ಲಿ ಕೇಳುತ್ತೇವೆ, ಯಜಮಾನರು ಏನೆಂದರು ಎಂದು ತಿಳಿದುಕೊಳ್ಳುತ್ತೇವೆ. ಒಬ್ಬೊಬ್ಬರೂ ಬಿಡಿಬಿಡಿಯಾಗಿ ನಾಣ್ಯ ಚಿಮ್ಮುವ ಊರಿನಲ್ಲಿ ಅಂತರ ಸಾಮಾನ್ಯವಾಗಿ 285ರ ಆಸುಪಾಸಿನಲ್ಲಿ ಆಡುತ್ತದೆ. 81,503ರ ವರ್ಗಮೂಲ ಅದು. ಅದೇ ಜನ ಐವತ್ತೈವತ್ತರ ಗುಂಪಾಗಿ, ಗುಂಪಿಗೊಂದು ನಾಣ್ಯದಂತೆ ಮತ ಹಾಕಿದರೆ? ಆಗ ಊರಿನಲ್ಲಿ ನಿಜವಾಗಿ ಇರುವುದು 1,630 ನಾಣ್ಯ ಮಾತ್ರ, ಅಂತರದ ಆಟ 2,000 ದಾಟುತ್ತದೆ. ಮತಪಟ್ಟಿಯಲ್ಲಿ ಎಣಿಸಿದ ತಲೆಗಳ ಸಂಖ್ಯೆ ಒಂದು, ಬಿಡಿಯಾಗಿ ಯೋಚಿಸಿದ ತಲೆಗಳ ಸಂಖ್ಯೆ ಇನ್ನೊಂದು. ಈ ಎರಡನೆಯ ಸಂಖ್ಯೆಯನ್ನು ಗಮನಿಸದೆ ಕಟ್ಟಿದ ಯಾವ ಮಾದರಿಯೂ ನಿಲ್ಲುವುದಿಲ್ಲ.

ಇದರ ಬೆಲೆ ಎಷ್ಟೆಂದು ನೋಡಲು ಜಾನುವಾರು ಸಂತೆಗೆ ಹೋಗೋಣ. ಎದುರಿಗೊಂದು ಎತ್ತು. ಇದು ಉಳುಮೆಗೆ ಆದೀತೇ, ಇಲ್ಲವೇ? ಹಲ್ಲು ನೋಡಿ, ಗೊರಸು ನೋಡಿ, ನಾಲ್ಕು ಹೆಜ್ಜೆ ನಡೆಸಿ ಹೇಳಬೇಕು. ಹೀಗೆ ಹೇಳುವ ಒಬ್ಬೊಬ್ಬರೂ ನೂರಕ್ಕೆ 60 ಸಲ ಸರಿ ಎಂದಿಟ್ಟುಕೊಳ್ಳಿ. ಅಂಥದ್ದೇನೂ ದೊಡ್ಡ ಜಾಣತನವಲ್ಲ. ಮೂವರನ್ನು ಬೇರೆ ಬೇರೆಯಾಗಿ ಕೇಳಿ ಬಹುಮತ ತೆಗೆದುಕೊಂಡರೆ ಅದು ನೂರಕ್ಕೆ 65 ಸಲ ಸರಿಯಾಗುತ್ತದೆ. ಹನ್ನೊಂದು ಜನರಾದರೆ 75. ನೂರಾ ಒಂದು ಜನರನ್ನು ಕೇಳಿದರೆ 98! ಸಾಧಾರಣ ಬುದ್ಧಿಯವರು ನೂರು ಮಂದಿ ಸೇರಿ ಯಾವ ಒಬ್ಬ ಪರಿಣತನೂ ಮುಟ್ಟಲಾರದ ಎತ್ತರಕ್ಕೆ ಏರುತ್ತಾರೆ. ಫ್ರಾನ್ಸಿನ ಗಣಿತಜ್ಞ ಕೊಂಡೋರ್ಸೆ ಇದನ್ನು 1785ರಲ್ಲಿ, ಅಲ್ಲಿನ ಕ್ರಾಂತಿಗೂ ನಾಲ್ಕು ವರ್ಷ ಮೊದಲು, ತೋರಿಸಿದ. ಪ್ರಜಾಪ್ರಭುತ್ವದ ಪರವಾಗಿ ಗಣಿತ ಹೇಳಿದ ಅತಿ ಸುಂದರ ಮಾತು ಇದೇ ಎಂದು ನಾನು ನಂಬಿದ್ದೇನೆ.

ಆದರೆ ಅದಕ್ಕೊಂದು ಷರತ್ತಿದೆ: ಬೇರೆ ಬೇರೆಯಾಗಿ ಕೇಳಬೇಕು. ಮೊದಲನೆಯವರು ಹೇಳಿದ್ದನ್ನೇ ಉಳಿದ ನೂರು ಜನ ಹೇಳಿದರೆ 60 ಅಲ್ಲಿಯೇ 60 ಆಗಿ ಉಳಿಯುತ್ತದೆ. ನಿಜ ಜೀವನ ಈ ಎರಡರ ನಡುವೆ ಇದೆ. ಒಬ್ಬರ ಅಭಿಪ್ರಾಯ ಇನ್ನೊಬ್ಬರದಕ್ಕೆ ಎಷ್ಟು ಅಂಟಿಕೊಂಡಿದೆ ಎಂಬುದನ್ನು ಸಂಖ್ಯಾಶಾಸ್ತ್ರಜ್ಞರು ಸಹಸಂಬಂಧ ಎಂಬ ಅಂಕಿಯಿಂದ ಅಳೆಯುತ್ತಾರೆ. ಪೂರ್ತಿ ಬಿಡಿಯಾಗಿದ್ದರೆ ಅದು ಸೊನ್ನೆ, ಪೂರ್ತಿ ನಕಲಾದರೆ ಒಂದು. ನಾನು ಅದನ್ನು ಅಂಟು ಎಂದೇ ಕರೆಯುತ್ತೇನೆ. ಅಂಟು 0.1 ಎಂದರೆ ಕಣ್ಣಿಗೆ ಕಾಣದಷ್ಟು ತೆಳು. ಆದರೂ ಸೂತ್ರಕ್ಕೆ ಹಾಕಿ ನೋಡಿ. ಜನರ ಸಂಖ್ಯೆ 101. ಅದನ್ನು ಒಂದು ಕೂಡಿಸು ನೂರು ಗುಣಿಸು 0.1, ಅಂದರೆ 11ರಿಂದ ಭಾಗಿಸಬೇಕು. ಉತ್ತರ 9.18. ನೂರಾ ಒಂದು ಜನ ಕೂತಿದ್ದ ಕಟ್ಟೆಯ ಮೇಲೆ ನಿಜಕ್ಕೂ ಇದ್ದದ್ದು ಒಂಬತ್ತು ತಲೆ! 98 ಸಲ ಸರಿಯಾಗಬೇಕಿದ್ದ ಬಹುಮತ ಈಗ 73ರ ಹತ್ತಿರ ಬಂದು ನಿಲ್ಲುತ್ತದೆ. ಹತ್ತು ಸಾವಿರ ಜನರನ್ನು ಕರೆತನ್ನಿ, ತಲೆಗಳ ಲೆಕ್ಕ ಹತ್ತನ್ನು ದಾಟುವುದಿಲ್ಲ. ಈ ಸೂತ್ರವನ್ನು ಮೊದಲ ಸಲ ಕೈಯಾರೆ ಬಿಡಿಸಿದಾಗ ನನಗೆ ನಂಬಿಕೆ ಬರಲಿಲ್ಲ. ಮತ್ತೆ ಮತ್ತೆ ಹಾಕಿ ನೋಡಿದೆ.

ಎತ್ತಿನ ವ್ಯಾಪಾರ ಮಾಡುವ ದಲ್ಲಾಳಿಗಳಿಗೆ ಈ ಸೂತ್ರ ಗೊತ್ತಿರಲಿಲ್ಲ, ಆದರೆ ಅದರ ಮರ್ಮ ಗೊತ್ತಿತ್ತು. ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಹೇಳುವ ಪದ್ಧತಿಯನ್ನು ಜಾನುವಾರು ಜಾತ್ರೆಗಳಲ್ಲಿ ನೋಡಿರುತ್ತೀರಿ. ಸುತ್ತ ಹತ್ತು ಜನ ನಿಂತಿದ್ದರೂ ಯಾರು ಎಷ್ಟಕ್ಕೆ ಕೇಳಿದರೆಂದು ಇನ್ನೊಬ್ಬರಿಗೆ ತಿಳಿಯುವುದಿಲ್ಲ. ಒಬ್ಬರ ಬೆಲೆ ಇನ್ನೊಬ್ಬರ ತಲೆಯೊಳಗೆ ಹೋಗದಂತೆ ಬಟ್ಟೆಯ ಒಂದು ತುಂಡು ತಡೆಯುತ್ತದೆ. ಇಂದಿನ ಗಣಕಗಳು ಗೂಢಲಿಪಿ ಬಳಸಿ ಮಾಡುವ ಮುಚ್ಚಿದ ಹರಾಜಿಗೂ ಇದಕ್ಕೂ ಉದ್ದೇಶದಲ್ಲಿ ವ್ಯತ್ಯಾಸವಿಲ್ಲ.

ಸಂತೆಯನ್ನು ಕಂಪ್ಯೂಟರಿನೊಳಕ್ಕೆ ನೇರವಾಗಿ ಕರೆತಂದವರು ರೀಡ್ ಸ್ಮಿತ್. 1980ರಲ್ಲಿ ಅವರು ಪ್ರಕಟಿಸಿದ ಕ್ರಮಕ್ಕೆ ಕರಾರು ಜಾಲ ಎನ್ನಬಹುದು. ಕೆಲಸ ಇರುವ ಗಣಕ ಸಾರುತ್ತದೆ: ಇಂಥದ್ದೊಂದು ಕೆಲಸವಿದೆ, ಯಾರಿಗೆ ಬೇಕು? ಬಿಡುವಾಗಿರುವ ಗಣಕಗಳು ತಮಗೆ ಎಷ್ಟು ಹೊತ್ತು ಹಿಡಿಯುತ್ತದೆ, ಎಷ್ಟು ಖರ್ಚಾಗುತ್ತದೆ ಎಂದು ಸವಾಲು ಕೂಗುತ್ತವೆ. ಒಳ್ಳೆಯ ಸವಾಲಿಗೆ ಕೆಲಸ. ಕೆಲಸ ಪಡೆದ ಗಣಕ ಅದನ್ನು ಒಡೆದು ಮತ್ತೆ ಸಾರಬಹುದು, ಮೇಸ್ತ್ರಿಯೊಬ್ಬ ಗುತ್ತಿಗೆ ಹಿಡಿದು ಆಳುಗಳಿಗೆ ಹಂಚಿದ ಹಾಗೆ. ಮೇಲೆ ಕುಳಿತು ಎಲ್ಲವನ್ನೂ ಬಲ್ಲ ಒಬ್ಬ ದೊಡ್ಡಣ್ಣ ಬೇಕಿಲ್ಲ. ಇದರಲ್ಲಿ ಉಳಿತಾಯವೂ ಇದೆ. ನೂರು ಜನ ಒಬ್ಬೊಬ್ಬರೂ ಪ್ರತಿಯೊಬ್ಬರ ಜೊತೆ ಮಾತಾಡಬೇಕೆಂದರೆ 4,950 ಜೋಡಿ ಮಾತುಕತೆ ಬೇಕು. ಒಬ್ಬ ಸಾರಿ ಉಳಿದವರು ಉತ್ತರಿಸಿದರೆ 99 ಉತ್ತರಗಳಲ್ಲಿ ಮುಗಿಯುತ್ತದೆ.

ಸಂತೆ ಚೆನ್ನಾಗಿ ನಡೆಯಬೇಕಾದರೆ ಎಷ್ಟು ಜನ ಕೊಳ್ಳುವವರಿರಬೇಕು? ಈ ಜಿಲ್ಲೆಯ ಅರಿಶಿನವನ್ನೇ ತೆಗೆದುಕೊಳ್ಳೋಣ. ಬೆಲೆ ಕೇವಲ ಲೆಕ್ಕಕ್ಕೆಂದು ಇಟ್ಟದ್ದು: ಒಂದು ಕ್ವಿಂಟಲ್ ಅರಿಶಿನಕ್ಕೆ ಒಬ್ಬೊಬ್ಬ ವ್ಯಾಪಾರಿಯ ಮನಸ್ಸಿನಲ್ಲಿ 10,000ದಿಂದ 16,000 ರೂಪಾಯಿಯವರೆಗೆ ಯಾವುದಾದರೂ ಒಂದು ಗರಿಷ್ಠ ಬೆಲೆ ಇದೆ. ಕೂಗಿ ಏರಿಸುವ ಹರಾಜಿನಲ್ಲಿ ಬೆಲೆ ನಿಲ್ಲುವುದು ಕೊನೆಗೆ ಉಳಿದ ಇಬ್ಬರಲ್ಲಿ ಒಬ್ಬ ಕೈಬಿಟ್ಟ ಜಾಗದಲ್ಲಿ, ಅಂದರೆ ಎರಡನೇ ದೊಡ್ಡ ಬೆಲೆಯಲ್ಲಿ. ಕೊಳ್ಳುವವರು ಇಬ್ಬರೇ ಆದರೆ ರೈತನಿಗೆ ಸರಾಸರಿ 12,000 ಸಿಗುತ್ತದೆ. ಐವರಾದರೆ 14,000. ಹನ್ನೊಂದು ಜನರಾದರೆ 15,000. ಅರಿಶಿನ ಅದೇ, ರೈತ ಅವನೇ. ಎರಡನೇ ಬೆಲೆಯ ಈ ಲೆಕ್ಕಾಚಾರವನ್ನು ವಿಲಿಯಂ ವಿಕ್ರಿ 1961ರಲ್ಲಿ ಬಿಡಿಸಿ ತೋರಿಸಿದರು, 1996ರಲ್ಲಿ ನೊಬೆಲ್ ಪಡೆದರು.

ಈಗ ಆ ಐವರು ಟೀ ಅಂಗಡಿಯಲ್ಲಿ ಕುಳಿತು ಮಾತಾಡಿಕೊಂಡು ಬಂದರೆನ್ನಿ. ಒಬ್ಬ ಕೂಗುತ್ತಾನೆ, ನಾಲ್ವರು ಸುಮ್ಮನಿರುತ್ತಾರೆ. ಬೆಲೆ 10,000ಕ್ಕೆ ನಿಂತುಬಿಡುತ್ತದೆ. ಕಣ್ಣಿಗೆ ಐದು ತಲೆ, ಹರಾಜಿಗೆ ಒಂದೇ ತಲೆ. ಮತದ ಲೆಕ್ಕದಲ್ಲಿ ಕಂಡ ಅಂಟು ಇಲ್ಲಿ ರೈತನ ಜೇಬಿನಿಂದ ಕ್ವಿಂಟಲ್ಲಿಗೆ ನಾಲ್ಕು ಸಾವಿರ ರೂಪಾಯಿ ಎತ್ತಿಕೊಂಡು ಹೋಯಿತು.

ಕರ್ನಾಟಕ ಇದನ್ನು ಎದುರಿಸಲು ದೇಶದಲ್ಲೇ ಮೊದಲು ಹೆಜ್ಜೆ ಇಟ್ಟ ರಾಜ್ಯಗಳಲ್ಲಿ ಒಂದು. 2014ರಲ್ಲಿ ಕೃಷಿ ಮಾರುಕಟ್ಟೆಗಳನ್ನು ಗಣಕದ ಮೂಲಕ ಒಂದಕ್ಕೊಂದು ಜೋಡಿಸುವ ಏಕೀಕೃತ ಮಾರುಕಟ್ಟೆ ವೇದಿಕೆ ಶುರುವಾಯಿತು. ಕೇಂದ್ರದ ಇ-ನಾಮ್ ಬಂದದ್ದು ಅದಾದ ಮೇಲೆ, 2016ರ ಏಪ್ರಿಲಿನಲ್ಲಿ. ಬೇರೆ ಊರಿನ ವ್ಯಾಪಾರಿಯೂ ಕುಳಿತಲ್ಲಿಂದಲೇ ಬೆಲೆ ನಮೂದಿಸಬಹುದು. ಒಬ್ಬರ ಬೆಲೆ ಇನ್ನೊಬ್ಬರಿಗೆ ಕಾಣದು. ಟವೆಲ್ಲಿನ ಮರೆ ಮತ್ತೆ ಬಂತು, ಈ ಸಲ ಪರದೆಯ ರೂಪದಲ್ಲಿ. ರೆಟ್ಸೆಫ್ ಲೆವಿ ಮತ್ತು ಸಂಗಡಿಗರು ಕರ್ನಾಟಕದ ಈ ಪ್ರಯೋಗದ ಅಂಕಿಅಂಶಗಳನ್ನು ಪರಿಶೀಲಿಸಿ 2020ರಲ್ಲಿ ಅಮೆರಿಕದ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಭತ್ತದ ಬೆಲೆ ಶೇ 5.1, ಕಡಲೆಕಾಯಿ ಶೇ 3.6, ಮೆಕ್ಕೆಜೋಳ ಶೇ 3.5 ಏರಿತ್ತು. ಹತ್ತಿ, ಹೆಸರು, ತೊಗರಿಯಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಇರಲಿಲ್ಲ. ಈ ಎರಡನೆಯ ವಾಕ್ಯವೇ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚುತ್ತದೆ. ಪರದೆ ತಂದಿಟ್ಟ ಮಾತ್ರಕ್ಕೆ ಹೊಸ ತಲೆ ಬರುವುದಿಲ್ಲ. ಕಾಣದ ಮಾಲಿನ ಗುಣಮಟ್ಟದ ಮೇಲೆ ನಂಬಿಕೆ ಹುಟ್ಟಿದರೆ ದೂರದ ವ್ಯಾಪಾರಿ ಬೆಲೆ ಹಾಕುತ್ತಾನೆ, ಇಲ್ಲದಿದ್ದರೆ ಹಳಬರೇ ಹೊಸ ಪರದೆಯ ಮುಂದೆ ಕೂರುತ್ತಾರೆ.

ಹಾಗಾದರೆ ಅಂಟು ಯಾವಾಗಲೂ ಕೆಟ್ಟದ್ದೇ? ಅಲ್ಲ. ಅರಿಶಿನ ಕಿತ್ತ ಮೇಲೆ ಬೇಯಿಸಬೇಕು. ಒಬ್ಬಳ ಬಳಿ ಕೊಪ್ಪರಿಗೆ ಇದೆ. ಇಬ್ಬರು ಕೂಲಿಯವರಿದ್ದಾರೆ. ಕೊಪ್ಪರಿಗೆಯವಳಿಗೆ ಜೊತೆಗೊಬ್ಬರು ಸಿಕ್ಕರೆ ಸಾಕು, ಕೆಲಸವಾಗಿ 600 ರೂಪಾಯಿ ಬರುತ್ತದೆ. ಪಾಲು ಹೇಗೆ ಹಂಚಬೇಕು? ಲಾಯ್ಡ್ ಶಾಪ್ಲಿ 1953ರಲ್ಲಿ ಹೇಳಿದ ವಿಧಾನ ಹೀಗಿದೆ: ಮೂವರೂ ಒಬ್ಬರ ಹಿಂದೊಬ್ಬರು ಬರುವ ಎಲ್ಲ ಸಾಲುಗಳನ್ನೂ ಬರೆಯಿರಿ, ಯಾರು ಬಂದಾಗ ಕೆಲಸ ಸಾಧ್ಯವಾಯಿತೋ ಆ ಸಾಲಿನ ಹಣ ಅವರಿಗೆ, ಕೊನೆಗೆ ಸರಾಸರಿ ತೆಗೆಯಿರಿ. ಸಾಲುಗಳು ಒಟ್ಟು ಆರು. ಕೊಪ್ಪರಿಗೆಯವಳು ಎರಡನೆಯವಳಾಗಿ ಇಲ್ಲವೇ ಮೂರನೆಯವಳಾಗಿ ಬರುವ ನಾಲ್ಕು ಸಾಲುಗಳಲ್ಲಿ ಅವಳಿಂದಲೇ ಕೆಲಸ ಶುರು. ಆದ್ದರಿಂದ ಅವಳಿಗೆ 400, ಕೂಲಿಯವರಿಗೆ ತಲಾ 100. ಈಗ ಆ ಇಬ್ಬರು ಸಂಘ ಕಟ್ಟಿಕೊಂಡು, ಬಂದರೆ ಇಬ್ಬರೂ, ಇಲ್ಲದಿದ್ದರೆ ಯಾರೂ ಇಲ್ಲ ಎಂದರೆ? ಎದುರಾಳಿಗಳು ಇಬ್ಬರಾದರು, ಸಾಲುಗಳು ಎರಡಾದವು. ಕೊಪ್ಪರಿಗೆಗೆ 300, ಸಂಘಕ್ಕೆ 300, ಕೂಲಿಯವರಿಗೆ ತಲಾ 150. ಮಾಡುವ ಕೆಲಸ ಒಂದಿಷ್ಟೂ ಬದಲಾಗದೆ ಪಾಲು ಒಂದೂವರೆ ಪಟ್ಟು.

ಟೀ ಅಂಗಡಿಯ ವ್ಯಾಪಾರಿಗಳು ಮಾಡಿದ್ದೂ ಇದನ್ನೇ. ಸತ್ಯ ಯಾವುದೆಂದು ತಿಳಿಯಬೇಕಾದಾಗ ತಲೆಗಳು ಬಿಡಿಯಾಗಿರಬೇಕು. ಪಾಲು ಕೇಳಬೇಕಾದಾಗ ಕೂಡಿರುವವರದೇ ಮೇಲುಗೈ. ಚುನಾವಣೆಯನ್ನು ಇಷ್ಟು ಕಷ್ಟದ ವಿಷಯವನ್ನಾಗಿ ಮಾಡುವುದು ಇದೇ, ಅಲ್ಲಿ ಎರಡೂ ಒಂದೇ ಗುಂಡಿಯಲ್ಲಿ ನಡೆಯುತ್ತವೆ. ಯಾರು ಒಳ್ಳೆಯವರೆಂದು ತೀರ್ಮಾನಿಸುವುದೂ ಅಲ್ಲೇ, ನಮ್ಮವರಿಗೆ ಪಾಲು ಕೇಳುವುದೂ ಅಲ್ಲೇ. ಬಹಳ ಕಾಲ ಪಾಲು ಸಿಗದ ಜನ ಒಟ್ಟಾಗಿ ಮತ ಹಾಕುವುದನ್ನು ಬುದ್ಧಿಗೇಡಿತನ ಎನ್ನುವವರು ಶಾಪ್ಲಿಯ ಲೆಕ್ಕವನ್ನು ಒಮ್ಮೆ ಮಾಡಿ ನೋಡಬೇಕು.

ಹಣವಿಲ್ಲದೆ ನಡೆಯುವ ಏರ್ಪಾಟೂ ಒಂದಿದೆ: ಮುಯ್ಯಾಳು. ಇವತ್ತು ನಿಮ್ಮ ನಾಟಿಗೆ ನಾವು, ನಾಳೆ ನಮ್ಮದಕ್ಕೆ ನೀವು. ನನ್ನ ಒಂದು ದಿನದ ದುಡಿಮೆ ನನಗೆ 400 ರೂಪಾಯಿ ಬಾಳುತ್ತದೆ, ನಾಟಿಯ ಹದದ ದಿನ ಅದು ನಿಮಗೆ 600 ಬಾಳುತ್ತದೆ ಎನ್ನೋಣ. ನಾಳೆಯೂ ನಾವು ಒಬ್ಬರಿಗೊಬ್ಬರು ಸಿಗುವ ಸಾಧ್ಯತೆ 400 ಭಾಗಿಸು 600ಕ್ಕಿಂತ, ಅಂದರೆ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚಿದ್ದರೆ ಮುಯ್ಯಿ ತಾನೇ ನಿಲ್ಲುತ್ತದೆ, ಕಾವಲಿಗೆ ಯಾರೂ ಬೇಡ. ರಾಬರ್ಟ್ ಆಕ್ಸೆಲ್‌ರಾಡ್ 1980ರ ಸುಮಾರಿಗೆ ಗಣಕಗಳ ಪಂದ್ಯ ನಡೆಸಿದಾಗ ಗೆದ್ದದ್ದೂ ಮುಯ್ಯಿಗೆ ಮುಯ್ಯಿ ತೀರಿಸುವ ಪುಟ್ಟ ತಂತ್ರವೇ. ಊರಿನ ಅರ್ಧ ಜನ ವರ್ಷದ ಆರು ತಿಂಗಳು ಕೇರಳಕ್ಕೋ ಕೊಡಗಿಗೋ ಕೂಲಿಗೆ ಹೋಗುವಂತಾದರೆ ಆ ಸಾಧ್ಯತೆ ಮೂರರಲ್ಲಿ ಎರಡಕ್ಕಿಂತ ಕೆಳಗಿಳಿಯಬಹುದು. ಮುಯ್ಯಾಳು ಅಳಿಯುವುದಕ್ಕೆ ಜನರ ಮನಸ್ಸು ಕೆಟ್ಟಿರಲೇಬೇಕೆಂದಿಲ್ಲ.

ಇನ್ನು ಹುದ್ದೆಗಳ ಮಾತು. ಪಟೇಲ, ಶಾನುಭೋಗ, ತಳವಾರ, ತೋಟಿ, ಕೆರೆಯ ನೀರು ಹಂಚುವ ನೀರುಗಂಟಿ: ಹಳೆಯ ಹಳ್ಳಿ ಇವರ ಜೋಡಣೆ. ಜಾಕ್ ಫರ್ಬೆ ಮತ್ತು ಒಲಿವಿಯೆ ಗುಟ್‌ಕ್ನೆಕ್ಟ್ 1998ರಲ್ಲಿ ಬಹು-ಏಜೆಂಟ್ ವ್ಯವಸ್ಥೆಗೆ ಒಂದು ಮಾದರಿ ಕೊಟ್ಟರು. ಏಜೆಂಟ್, ಗುಂಪು, ಪಾತ್ರ ಎಂಬ ಮೂರೇ ಪದಗಳಲ್ಲಿ ಅದು ಮುಗಿಯುತ್ತದೆ. ಪಾತ್ರ ಬೇರೆ, ಅದನ್ನು ಹೊತ್ತವರು ಬೇರೆ. ಇವತ್ತು ಒಬ್ಬರು, ನಾಳೆ ಇನ್ನೊಬ್ಬರು. ನೀರುಗಂಟಿಯ ಪಾತ್ರಕ್ಕೆ ತೂಬಿನ ಅಳತೆ ಗೊತ್ತಿದ್ದರೆ ಸಾಕು. ನಮ್ಮ ಹಳ್ಳಿ ಈ ಗಂಟನ್ನು ಬಿಡಿಸಲಿಲ್ಲ, ಪಾತ್ರವನ್ನು ಹುಟ್ಟಿಗೆ ಕಟ್ಟಿಹಾಕಿತು. 1961ರ ಗ್ರಾಮಾಧಿಕಾರ ರದ್ದತಿ ಕಾಯ್ದೆ ಆ ಗಂಟನ್ನು ಕಾನೂನಿನಲ್ಲಿ ಕತ್ತರಿಸಿತು. ಹಳೆಯ ಏರ್ಪಾಟನ್ನು ಮೆಚ್ಚುವಾಗ ನಾನು ಜೋಡಣೆಯ ಜಾಣತನವನ್ನಷ್ಟೇ ಮೆಚ್ಚುತ್ತೇನೆ; ಯಾರನ್ನು ಎಲ್ಲಿ ನಿಲ್ಲಿಸಿತ್ತು ಎಂಬುದನ್ನು ಅಲ್ಲ.

ಈ ಪಾತ್ರಗಳು ಈಗ ಮತ್ತೆ ಬಂದಿವೆ. 2023ರಲ್ಲಿ ಹೊರಬಂದ ಮೆಟಾಜಿಪಿಟಿ ಎಂಬ ವ್ಯವಸ್ಥೆಯಲ್ಲಿ ಭಾಷಾ ಮಾದರಿಗಳು ಒಂದು ತಂತ್ರಾಂಶ ಕಂಪನಿಯ ವೇಷ ಹಾಕುತ್ತವೆ. ಒಂದು ಉತ್ಪನ್ನದ ವ್ಯವಸ್ಥಾಪಕ, ಒಂದು ವಿನ್ಯಾಸಕಾರ, ಒಂದು ಎಂಜಿನಿಯರ್, ಇನ್ನೊಂದು ತಪ್ಪು ಹುಡುಕುವವನು. ಒಬ್ಬರ ಕೆಲಸವನ್ನು ಇನ್ನೊಬ್ಬರು ಪರಿಶೀಲಿಸುತ್ತಾರೆ. ನೋಡಲು ಕಚೇರಿ ತುಂಬಿದೆ. ಆದರೆ ಆ ಎಲ್ಲ ಕುರ್ಚಿಗಳಲ್ಲಿ ಒಂದೇ ಮಾದರಿಯ ಪ್ರತಿಗಳು ಕುಳಿತಿದ್ದರೆ ಬರೆದವನು ಕಾಣದ ತಪ್ಪು ಪರೀಕ್ಷಿಸುವವನಿಗೂ ಕಾಣದೆ ಹೋಗಬಹುದು. ಇಲ್ಲೂ ಕೇಳಬೇಕಾದ್ದು ಅಂಟು ಎಷ್ಟು ಎಂಬುದನ್ನೇ. ಹತ್ತು ಪ್ರತಿಗಳ ನಡುವೆ ಅಂಟು 0.5 ಇದ್ದರೆ ಹತ್ತನ್ನು 5.5ರಿಂದ ಭಾಗಿಸಿ: ಕಚೇರಿಯಲ್ಲಿ ಇರುವುದು ಎರಡು ತಲೆಯೂ ಅಲ್ಲ. ಬೇರೆ ಬೇರೆ ಮಾದರಿಗಳನ್ನು, ಬೇರೆ ಬೇರೆ ಪಾಠ ಓದಿ ಬೆಳೆದವನ್ನು ಕೂರಿಸಿದರೆ ಸಂಖ್ಯೆ ಏರುತ್ತದೆ. ಕನ್ನಡದಂಥ ನುಡಿಗಳಲ್ಲಿ ಓದಿದ ಮಾದರಿ ಬೇಕೆನ್ನುವುದಕ್ಕೆ ಅಭಿಮಾನದ ಜೊತೆಗೆ ಈ ಲೆಕ್ಕವೂ ಒಂದು ಕಾರಣ.

ಸಂತೆಮರಹಳ್ಳಿ ಕ್ಷೇತ್ರ ಈಗಿಲ್ಲ. 2008ರ ಪುನರ್ವಿಂಗಡಣೆಯಲ್ಲಿ ಅದರ ಗಡಿಗಳನ್ನು ಅಳಿಸಿ ಬರೆದರು. ಊರು ಕೊಳ್ಳೇಗಾಲ ಕ್ಷೇತ್ರಕ್ಕೆ ಸೇರಿತು. ಧ್ರುವನಾರಾಯಣ ಮುಂದೆ ಎರಡು ಸಲ ಚಾಮರಾಜನಗರದ ಸಂಸದರಾದರು, 2023ರ ಮಾರ್ಚಿನಲ್ಲಿ ತೀರಿಕೊಂಡರು. ಎರಡು ತಿಂಗಳ ನಂತರ ಕೊಳ್ಳೇಗಾಲದಲ್ಲಿ ಮತ ಎಣಿಸಿದಾಗ ಗೆದ್ದವರು ಅದೇ ಎ.ಆರ್. ಕೃಷ್ಣಮೂರ್ತಿ, ಈ ಸಲ ಕಾಂಗ್ರೆಸ್ಸಿನಿಂದ, 59 ಸಾವಿರಕ್ಕೂ ಮೀರಿದ ಅಂತರದಲ್ಲಿ. ಒಬ್ಬರು ಮನೆಯಲ್ಲೇ ಉಳಿದಿದ್ದರೆ ಫಲ ಬದಲಾಗುತ್ತಿತ್ತು ಎನ್ನಬಹುದಾದ ಗೆದ್ದ ಕಡೆಯ ಮತದಾರರನ್ನು 2004ರಲ್ಲಿ ಎಣಿಸಿದಾಗ 40,752 ಬಂತು. 2023ಕ್ಕೆ ಅದೇ ಎಣಿಕೆ ಮಾಡಿದರೆ ಸೊನ್ನೆ ಬರುತ್ತದೆ.